ಪ್ರಶ್ನೆ ನಿಮ್ಮದು: ಬರಡು ನೆಲಕ್ಕೆ ಯಾರು ಮೊದಲು ಬರುತ್ತಾರೆ?

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ: ಒಂದು ಜಾಗದಲ್ಲಿ ಗಿಡಮರ, ಹುಳಹುಪ್ಪಟೆ, ಪ್ರಾಣಿಪಕ್ಷಿಗಳು ಕೂಡಿ ಸಮುದಾಯವಾಗುವುದು ಹೇಗೆ, ಅದು ಕಾಲಕ್ರಮದಲ್ಲಿ ಬದಲಾಗುವುದು ಏಕೆ. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಬರಿ ಬಂಡೆಯ ಮೇಲೆ ಮೊದಲು ಕಲ್ಲುಹೂವು, ಆಮೇಲೆ ಹಾವಸೆ, ಹುಲ್ಲು, ಪೊದೆ, ಕೊನೆಗೆ ಮರ ಎಂದು ಪಠ್ಯಪುಸ್ತಕದಲ್ಲಿ ಓದಿದ್ದೇವೆ. ಈ ಸರದಿಯನ್ನು ಯಾರಾದರೂ ಕಣ್ಣಾರೆ ಕಂಡಿದ್ದಾರೆಯೇ?

ಕಂಡಿದ್ದಾರೆ. ಆದರೆ ಕಂಡದ್ದು ಪುಸ್ತಕದ ಚಿತ್ರದಂತೆ ಇರಲಿಲ್ಲ.

ಐಸ್‌ಲ್ಯಾಂಡ್‌ನ ದಕ್ಷಿಣಕ್ಕೆ ಸಮುದ್ರದೊಳಗಿನ ಜ್ವಾಲಾಮುಖಿಯಿಂದ 1963ರ ನವೆಂಬರ್‌ನಲ್ಲಿ ಸರ್ಟ್ಸೀ ಎಂಬ ಹೊಸ ದ್ವೀಪ ಮೇಲೆದ್ದಿತು. 1967ರವರೆಗೂ ಅಲ್ಲಿ ಲಾವಾ ಉಕ್ಕುತ್ತಲೇ ಇತ್ತು. ವಿಜ್ಞಾನಿಗಳು ಮೊದಲ ದಿನದಿಂದ ಲೆಕ್ಕ ಇಟ್ಟ ಅಪರೂಪದ ಜಾಗ ಅದು. ಪುಸ್ತಕದ ಪ್ರಕಾರ ಕಲ್ಲುಹೂವು ಮೊದಲು ಬರಬೇಕಿತ್ತು. ಬಂದದ್ದು ಹೂಬಿಡುವ ಗಿಡ, 1965ರಲ್ಲಿ: ಉಪ್ಪುನೀರಿನಲ್ಲಿ ತೇಲಿ ಬರಬಲ್ಲ ಬೀಜವಿರುವ, ಸಾಸಿವೆ ಕುಟುಂಬದ ಒಂದು ಕಡಲತಡಿಯ ಸಸ್ಯ. ಹಾವಸೆ ಕಂಡದ್ದು 1967ರಲ್ಲಿ, ಕಲ್ಲುಹೂವು 1970ರಲ್ಲಿ. ಸರದಿ ತಲೆಕೆಳಗಾಗಿತ್ತು. ಆಮೇಲೆ ಹಲವು ವರ್ಷ ಪ್ರಭೇದಗಳ ಸಂಖ್ಯೆ ಕುಂಟುತ್ತಲೇ ಸಾಗಿತು. 1980ರ ದಶಕದ ನಡುವಿನಿಂದ ಕಡಲಕ್ಕಿಗಳು ಗುಂಪಾಗಿ ಗೂಡು ಕಟ್ಟತೊಡಗಿದ ಮೇಲೆ ಚಿತ್ರ ಬದಲಾಯಿತು. ಹಿಕ್ಕೆಯ ಸಾರಜನಕ ಮತ್ತು ರಂಜಕ ಮರಳಿಗೆ ಬಿದ್ದವು, ಹಕ್ಕಿಗಳ ಜೊತೆಯಲ್ಲೇ ಹೊಸ ಬೀಜಗಳೂ ಬಂದವು. ಗೂಡುಗಳಿದ್ದ ಕಡೆ ಹಸಿರು ದಟ್ಟವಾಯಿತು, ಉಳಿದ ಕಡೆ ಲಾವಾ ಬಹುಪಾಲು ಬರಿದಾಗಿಯೇ ಉಳಿಯಿತು.

ಇಂಡೋನೇಷ್ಯದ ಜ್ವಾಲಾಮುಖಿ ದ್ವೀಪ ಕ್ರಕಟೋವದ ಕಥೆ ಇನ್ನೊಂದು ಬಗೆ. 1883ರ ಆಗಸ್ಟ್ ಸ್ಫೋಟದಲ್ಲಿ ದ್ವೀಪದ ಬಹುಭಾಗ ಕುಸಿದುಹೋಗಿ, ಉಳಿದ ತುಂಡನ್ನು ಬಿಸಿ ಬೂದಿ ಮುಚ್ಚಿತ್ತು. ಮರುವರ್ಷದ ಮೇ ತಿಂಗಳಲ್ಲಿ ಹೋದವರಿಗೆ ಕಂಡ ಏಕೈಕ ಜೀವಿ ಬಲೆ ನೇಯುತ್ತಿದ್ದ ಒಂದು ಪುಟ್ಟ ಜೇಡ. ತಿನ್ನಲು ಏನೂ ಇಲ್ಲದ ಕಡೆ ಬೇಟೆಗಾರನೇ ಮೊದಲು! ಇದು ಅಷ್ಟೇನೂ ವಿಚಿತ್ರವಲ್ಲ. ಮರಿ ಜೇಡಗಳು ರೇಷ್ಮೆಯೆಳೆ ಹಿಡಿದು ಗಾಳಿಯಲ್ಲಿ ಬಹುದೂರ ಹಾರುತ್ತವೆ, ಹಾಗೆಯೇ ಗಾಳಿ ತಂದು ಹಾಕುವ ಕೀಟಗಳನ್ನು ತಿಂದು ಬದುಕಬಲ್ಲವು. 1886ರಲ್ಲಿ ಸಸ್ಯಶಾಸ್ತ್ರಜ್ಞ ಮೆಲ್ಕಿಯರ್ ಟ್ರೋಯ್ಬ್ ನೋಡಿದಾಗ ಬೂದಿಯ ಮೇಲೆ ನೀಲಿಹಸಿರು ಪಾಚಿಯ ಪದರವಿತ್ತು, ಒಳನಾಡಿನಲ್ಲಿ ಜರೀಗಿಡಗಳದೇ ಕಾರುಬಾರು. ಜರೀಗಿಡದ ಬೀಜಕ ಧೂಳಿನಷ್ಟು ಹಗುರ. ದಡದಲ್ಲಿ ನೀರು ತಂದ ಬೀಜಗಳು, ಒಳಗೆ ಗಾಳಿ ತಂದ ಬೀಜಕಗಳು, ಕಾಯಿ ತಿನ್ನುವ ಹಕ್ಕಿ ಮತ್ತು ಬಾವಲಿಗಳು ಬರತೊಡಗಿದ ಮೇಲೆ ಅತ್ತಿ ಜಾತಿಯ ಮರಗಳು.

ಹಾಗಾಗಿ ‘ಯಾರು ಮೊದಲು’ ಎಂಬ ಪ್ರಶ್ನೆಯನ್ನು ಮೂರಾಗಿ ಒಡೆದು ಕೇಳಬೇಕು. ಯಾರು ತಲುಪಬಲ್ಲರು? ತಲುಪಿದವರಲ್ಲಿ ಯಾರಿಗೆ ಅಲ್ಲಿನ ಬಿಸಿಲು, ನೀರು, ಮಣ್ಣು ಸಹನೀಯ? ಸಹಿಸಿದವರಲ್ಲಿ ಯಾರು ಈಗಾಗಲೇ ಬೀಡುಬಿಟ್ಟವರ ಜೊತೆ ಏಗಬಲ್ಲರು? ಈ ಮೂರು ಜರಡಿಗಳಲ್ಲಿ ಸೋಸಿ ಉಳಿದದ್ದೇ ಆ ಜಾಗದ ಸಮುದಾಯ. ಕಲ್ಲುಹೂವಿನಿಂದ ಮರದವರೆಗಿನ ಏಣಿ ಒಂದು ಸಾಧ್ಯತೆ, ಕಾನೂನಲ್ಲ.

ಏಣಿಯ ಕಲ್ಪನೆಗೆ ಬಲ ಕೊಟ್ಟವರು ಅಮೆರಿಕದ ಸಸ್ಯವಿಜ್ಞಾನಿ ಫ್ರೆಡರಿಕ್ ಕ್ಲೆಮೆಂಟ್ಸ್. 1916ರಲ್ಲಿ ಅವರು ಸಸ್ಯ ಸಮುದಾಯವನ್ನು ಹುಟ್ಟಿ, ಬೆಳೆದು, ಪ್ರಬುದ್ಧವಾಗುವ ಒಂದು ಜೀವಿಗೇ ಹೋಲಿಸಿದರು. ಆ ಪ್ರಬುದ್ಧ ಸ್ಥಿತಿಗೆ ಪರಾಕಾಷ್ಠೆ ಸಮುದಾಯ ಎಂಬ ಹೆಸರು. 1926ರಲ್ಲಿ ಹೆನ್ರಿ ಗ್ಲೀಸನ್ ಇದನ್ನು ಒಪ್ಪಲಿಲ್ಲ. ಪ್ರತಿ ಪ್ರಭೇದವೂ ತನ್ನ ಪಾಡಿಗೆ ತಾನು ಬರುತ್ತದೆ, ತನಗೆ ಒಗ್ಗಿದ ಕಡೆ ನಿಲ್ಲುತ್ತದೆ. ನಾವು ಸಮುದಾಯ ಎನ್ನುವುದು ಹೀಗೆ ನಿಂತವರ ಗುಂಪು ಅಷ್ಟೆ ಎಂದರು. ಪರೀಕ್ಷೆಗೆ ಇಬ್ಬರನ್ನೂ ಓದಿ. ಹೊಲಕ್ಕಿಳಿದಾಗ ಹೆಚ್ಚು ಕೈಹಿಡಿಯುವುದು ಗ್ಲೀಸನ್ ಮಾತು.

ಪ್ರಶ್ನೆ: ಪ್ರಾಥಮಿಕ ಅನುಕ್ರಮಣ, ದ್ವಿತೀಯಕ ಅನುಕ್ರಮಣ – ವ್ಯತ್ಯಾಸ ಏನು?

ಒಂದು ಜಾಗದ ಸಮುದಾಯ ಕಾಲಕ್ರಮದಲ್ಲಿ ಬದಲಾಗುತ್ತ ಹೋಗುವುದೇ ಅನುಕ್ರಮಣ. ಹಿಂದಿನ ಬದುಕಿನ ಗಂಟು ಏನಾದರೂ ಉಳಿದಿದೆಯೇ ಎಂಬುದೇ ವ್ಯತ್ಯಾಸ. ಹೊಸ ಲಾವಾ, ಹಿಮನದಿ ಸರಿದು ಬಯಲಾದ ಕಲ್ಲುಮಣ್ಣು – ಇಲ್ಲಿ ಎಲ್ಲವೂ ಹೊರಗಿನಿಂದ ಬರಬೇಕು. ಇದು ಪ್ರಾಥಮಿಕ. ಬೆಂಕಿ ಬಿದ್ದ ಕಾಡು, ಉಳುಮೆ ನಿಂತ ಹೊಲದಲ್ಲಿ ಮಣ್ಣಿದೆ. ಮಣ್ಣಿನೊಳಗೆ ಬೇರು, ಗೆಡ್ಡೆ, ಶಿಲೀಂಧ್ರದ ಎಳೆ, ಮಲಗಿರುವ ಬೀಜ ಎಲ್ಲವೂ ಇವೆ. ಇದು ದ್ವಿತೀಯಕ. ಆ ಬೀಜಗಳ ತಾಳ್ಮೆಯನ್ನು ಕಡಿಮೆ ಎಂದು ಎಣಿಸಬೇಡಿ. 1879ರಲ್ಲಿ ವಿಲಿಯಂ ಬೀಲ್ ಮಿಷಿಗನ್‌ನಲ್ಲಿ ಬೀಜ ಬೆರೆಸಿದ ಮರಳನ್ನು 20 ಬಾಟಲಿಗಳಲ್ಲಿ ತುಂಬಿ ಹೂತಿಟ್ಟರು. ಅದರಲ್ಲೊಂದನ್ನು 2021ರಲ್ಲಿ ತೆಗೆದಾಗಲೂ ವರ್ಬಾಸ್ಕಮ್ ಕುಲದ ಬೀಜಗಳು ಮೊಳೆತವು.

ಎರಡರ ನಡುವಿನ ಗೆರೆ ಮಾತ್ರ ಮಸುಕು. 1980ರ ಮೇ 18ರಂದು ಅಮೆರಿಕದ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಸಿಡಿದಾಗ ಬೆಟ್ಟ ಪೂರ್ತಿ ಸತ್ತಿತೆಂದೇ ಎಲ್ಲರೂ ತಿಳಿದಿದ್ದರು. ಆದರೆ ಕರಗದೆ ಉಳಿದ ಹಿಮದಡಿಯಲ್ಲಿದ್ದ ಎಳೆ ಮರಗಳೂ ಬಿಲದೊಳಗಿದ್ದ ಗೋಫರ್ ಎಂಬ ಇಲಿಯಂಥ ಪ್ರಾಣಿಗಳೂ ಬದುಕಿದ್ದವು. ಆ ಗೋಫರ್‌ಗಳು ಬಿಲ ತೋಡುತ್ತ ಹಳೆಯ ಮಣ್ಣನ್ನು ಬೂದಿಯ ಮೇಲೆ ತಂದು ಸುರಿದವು. ಎಷ್ಟೋ ಬೀಜಗಳು ಮೊದಲು ಮೊಳೆತದ್ದು ಆ ಗುಪ್ಪೆಗಳ ಮೇಲೆ.

ಪ್ರಶ್ನೆ: ಮೊದಲು ಬಂದ ಗಿಡ ಚೆನ್ನಾಗಿಯೇ ಬೆಳೆಯುತ್ತಿರುವಾಗ ಇನ್ನೊಂದು ಬಂದು ಅದನ್ನು ಒಕ್ಕಲೆಬ್ಬಿಸುವುದು ಹೇಗೆ?

ಜೋಸೆಫ್ ಕಾನೆಲ್ ಮತ್ತು ರಾಲ್ಫ್ ಸ್ಲೇಟಿಯರ್ 1977ರಲ್ಲಿ ಇದಕ್ಕೆ ಮೂರು ದಾರಿಗಳನ್ನು ಗುರುತಿಸಿದರು. ಮೊದಲಿಗರು ಜಾಗವನ್ನು ಹಸನು ಮಾಡಿ, ಆ ಹಸನಾದ ಜಾಗದಲ್ಲಿ ಬೇರೆಯವರು ಬೆಳೆದು ಮೊದಲಿಗರನ್ನೇ ಮುಚ್ಚುವುದು ಒಂದು: ನೆರವು. ಎಲ್ಲರೂ ಹೆಚ್ಚುಕಡಿಮೆ ಒಟ್ಟಿಗೇ ಬಂದು, ಬೇಗ ಬೆಳೆದು ಬೇಗ ಸಾಯುವವರು ಮೊದಲು ಎದ್ದುಕಂಡು, ನೆರಳು ತಾಳುವ ನಿಧಾನಿಗಳು ಕೊನೆಗೆ ಉಳಿಯುವುದು ಇನ್ನೊಂದು: ಸಹನೆ. ಮೂರನೆಯದು ತಡೆ. ಜಾಗ ಹಿಡಿದವನೇ ಯಜಮಾನ. ಅವನು ಸಾಯುವವರೆಗೆ ಅಥವಾ ಯಾರಾದರೂ ಅವನನ್ನು ಕೀಳುವವರೆಗೆ ಬೇರೆಯವರಿಗೆ ಪ್ರವೇಶವಿಲ್ಲ.

ಒಂದೇ ಜಾಗದಲ್ಲಿ ಮೂರೂ ನಡೆಯಬಹುದು. ಅಲಾಸ್ಕದ ಗ್ಲೇಸಿಯರ್ ಬೇಯನ್ನೇ ನೋಡಿ. ಹದಿನೆಂಟನೆಯ ಶತಮಾನದ ನಡುವಿನಿಂದ ಅಲ್ಲಿ ಹಿಮ ಸುಮಾರು 100 ಕಿ.ಮೀ. ಹಿಂದೆ ಸರಿದಿದೆ. 1916ರಲ್ಲಿ ವಿಲಿಯಂ ಕೂಪರ್ ಮತ್ತೆ ಮತ್ತೆ ಬಂದು ನೋಡಲೆಂದು ನೆಲದ ಮೇಲೆ ಶಾಶ್ವತ ಚೌಕಗಳನ್ನು ಗುರುತು ಮಾಡಿದರು. ಹಿಮದ ಅಂಚಿನ ಬಳಿ ನೆಲಕ್ಕಂಟಿ ಬೆಳೆಯುವ ಡ್ರಯಾಸ್ ಗಿಡದ ಚಾಪೆ, ದೂರ ಹೋದಂತೆ ಆಲ್ಡರ್ ಪೊದೆ, ಇನ್ನೂ ದೂರದಲ್ಲಿ ಸ್ಪ್ರೂಸ್ ಎಂಬ ಸೂಜಿಯೆಲೆಯ ಮರಗಳ ಕಾಡು. ಆಲ್ಡರ್ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯ ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತದೆ, ಅದರ ತರಗೆಲೆ ಕೊಳೆತು ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಸುಮಾರು 8ರಿಂದ 5ರ ಆಸುಪಾಸಿಗೆ ಇಳಿಯುತ್ತದೆ. ಇದು ನೆರವು. ಅದೇ ಆಲ್ಡರ್‌ನ ದಟ್ಟ ನೆರಳು ಮತ್ತು ಬೇರು ಸ್ಪ್ರೂಸ್ ಸಸಿಗಳನ್ನು ಹಿಂಡುತ್ತವೆ. ಇದು ತಡೆ. ನೆರವಿನ ತೂಕ ಹೆಚ್ಚೋ ತಡೆಯ ತೂಕ ಹೆಚ್ಚೋ ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ.

ಈ ಜಾಗದಿಂದ ಕಲಿಯಬೇಕಾದ ಇನ್ನೊಂದು ಪಾಠವಿದೆ. ಹಿಮದ ಹತ್ತಿರದ ನೆಲ ಎಳೆಯದು, ದೂರದ್ದು ಹಳೆಯದು. ಹಾಗಾಗಿ ಒಂದು ದಿನ ನಡೆದರೆ ಇನ್ನೂರು ವರ್ಷದ ಚರಿತ್ರೆ ಕಂಡಂತೆ ಎಂದು ಬಹುಕಾಲ ಬರೆದರು. ಕ್ರಿಸ್ಟೋಫರ್ ಫಾಸ್ಟಿ ಮರಗಳ ಒಳಗೆ ವರ್ಷಕ್ಕೊಂದರಂತೆ ಮೂಡುವ ಬಳೆಗಳನ್ನು ಎಣಿಸಿ 1995ರಲ್ಲಿ ತೋರಿಸಿದ್ದೇ ಬೇರೆ. ಅತಿ ಹಳೆಯ ತಾಣಗಳಲ್ಲಿ ಸ್ಪ್ರೂಸ್ ಮೊದಲೇ ಬಂದಿತ್ತು. ಇಂದು ಎಳೆಯ ತಾಣಗಳಲ್ಲಿ ಕಾಣುವ ದೀರ್ಘ ಆಲ್ಡರ್ ಹಂತ ಅಲ್ಲಿ ನಡೆದೇ ಇರಲಿಲ್ಲ. ಬೀಜ ಕೊಡುವ ಮರಗಳು ಎಷ್ಟು ದೂರದಲ್ಲಿದ್ದವು ಎಂಬುದು ದಾರಿಯನ್ನೇ ಬದಲಿಸಿತ್ತು. ಪಕ್ಕಪಕ್ಕದ ಜಾಗಗಳನ್ನು ನೋಡಿ ಕಾಲದ ಕಥೆ ಕಟ್ಟುವಾಗ, ಅವು ಒಂದೇ ಚರಿತ್ರೆಯ ಬೇರೆ ಬೇರೆ ಪುಟಗಳೋ ಅಥವಾ ಬೇರೆ ಬೇರೆ ಪುಸ್ತಕಗಳೋ ಎಂದು ಮೊದಲು ನೋಡಿಕೊಳ್ಳಬೇಕು.

ಪ್ರಶ್ನೆ: ಉಳುಮೆ ಬಿಟ್ಟ ಜಮೀನಿನಲ್ಲಿ ಆರು ವರ್ಷದಿಂದ ಲಂಟಾನ ಮತ್ತು ಎದೆಯೆತ್ತರದ ಹುಲ್ಲು ಬಿಟ್ಟರೆ ಏನೂ ಇಲ್ಲ. ಸುಮ್ಮನೆ ಬಿಟ್ಟರೆ ಕಾಡಾಗುವುದೇ? ಸಸಿ ನೆಡಬೇಕೇ?

ನೆಡುವ ಮುನ್ನ ಎಣಿಸಿ. ಹುಲ್ಲು ಸರಿಸಿ ನೋಡದೆ ‘ಏನೂ ಇಲ್ಲ’ ಎಂದು ಹೇಳಲಾಗದು.

ಜಮೀನಿನಲ್ಲಿ ಅಲ್ಲಲ್ಲಿ, ನಿಮಗೆ ಇಷ್ಟವಾದ ಕಡೆ ಅಲ್ಲ, ಸಮ ಅಂತರದಲ್ಲಿ ಹತ್ತು ಗೂಟ ಹೊಡೆಯಿರಿ. ಪ್ರತಿ ಗೂಟಕ್ಕೆ 5 ಮೀಟರ್ ಹಗ್ಗ ಕಟ್ಟಿ ಸುತ್ತು ಬನ್ನಿ. ಒಳಗಿನ ವಿಸ್ತೀರ್ಣ ಸುಮಾರು 78 ಚದರ ಮೀಟರ್. ಅದರೊಳಗೆ ಅರ್ಧ ಮೀಟರ್‌ಗಿಂತ ಎತ್ತರದ ಮರದ ಸಸಿಗಳು, ಚಿಗುರುತ್ತಿರುವ ಮರದ ಬುಡಗಳು, ದೊಡ್ಡ ಮರಗಳು – ಇವನ್ನು ಎಣಿಸಿ, ಎಷ್ಟು ಬಗೆ ಎಂದೂ ಬರೆಯಿರಿ. ಪೊದೆ, ಬಳ್ಳಿ ಲೆಕ್ಕಕ್ಕಿಲ್ಲ. ಒಂದು ವೃತ್ತಕ್ಕೆ ಸರಾಸರಿ 25 ಸಿಕ್ಕಿದರೆ ಹೆಕ್ಟೇರಿಗೆ 3,100ಕ್ಕಿಂತ ಹೆಚ್ಚಾಯಿತು. ಗಿಡದಿಂದ ಗಿಡಕ್ಕೆ 1.8 ಮೀಟರ್ ಅಂತರದಲ್ಲಿ ನೆಟ್ಟಷ್ಟೇ ಅದು. ಹತ್ತೂ ವೃತ್ತ ಸೇರಿ ಮೂವತ್ತರಷ್ಟು ಬಗೆಯ ಮರಗಳೂ ಇದ್ದರೆ ಒಂದು ಸಸಿಯನ್ನೂ ನೆಡಬೇಕಿಲ್ಲ, ಇರುವುದನ್ನು ಬಿಡುಗಡೆ ಮಾಡಿದರೆ ಸಾಕು. ಕಡಿಮೆಯಿದ್ದರೆ ಕೊರತೆಯಷ್ಟನ್ನೇ ನೆಡಿ. ಸಂಖ್ಯೆ ಇದೆ, ಬಗೆ ಇಲ್ಲ ಎಂದರೆ ಇಲ್ಲದ ಬಗೆಗಳನ್ನು ಮಾತ್ರ ತನ್ನಿ.

ಬಿಡುಗಡೆ ಎಂದರೆ ಹೀಗೆ. ಪ್ರತಿ ಸಸಿಯ ಪಕ್ಕ ಎದ್ದುಕಾಣುವ ಕೋಲು ನೆಡಿ, ಇಲ್ಲವಾದರೆ ಹುಲ್ಲು ಕೊಯ್ಯುವವರೇ ಸಸಿಯನ್ನೂ ಕೊಯ್ಯುತ್ತಾರೆ. ಈ ಕೆಲಸದಲ್ಲಿ ಅತಿ ಸಾಮಾನ್ಯವಾದ ನಷ್ಟ ಇದೇ. ಬುಡದ ಸುತ್ತ ಅರ್ಧ ಮೀಟರ್ ಕಳೆಯನ್ನು ಬೇರುಸಹಿತ ಕಿತ್ತು, ಕಿತ್ತದ್ದನ್ನೇ ಮುಚ್ಚಿಗೆಯಾಗಿ ಹರಡಿ, ಕಾಂಡಕ್ಕೆ ತಾಗದಂತೆ ಬೆರಳಗಲ ಜಾಗ ಬಿಡಿ. ಉಳಿದ ಎತ್ತರದ ಹುಲ್ಲನ್ನು ಕೊಯ್ಯಬೇಡಿ. ಕೊಯ್ದರೆ ಅದು ಇನ್ನೂ ಜೋರಾಗಿ ಚಿಗುರುತ್ತದೆ. ಒಂದು ಹಲಗೆಯ ಎರಡು ತುದಿಗೆ ಹಗ್ಗ ಕಟ್ಟಿ ಹೆಗಲಿಗೆ ಹಾಕಿಕೊಂಡು, ಕಾಲಿನಿಂದ ತುಳಿಯುತ್ತ ಹುಲ್ಲನ್ನು ಒಂದೇ ದಿಕ್ಕಿಗೆ ಮಲಗಿಸಿ. ಕಾಂಡ ಮುರಿಯದೆ ಮಡಿದುಕೊಂಡರೆ ಮೇಲಿನ ಹುಲ್ಲು ಕೆಳಗಿನದಕ್ಕೆ ನೆರಳಾಗಿ, ಬೆಳವಣಿಗೆ ತಗ್ಗುತ್ತದೆ. ಮಳೆಗಾಲದಲ್ಲಿ ನಾಲ್ಕರಿಂದ ಆರು ವಾರಕ್ಕೊಮ್ಮೆ ಕಳೆ ತೆಗೆಯಿರಿ; ಮರಗಳ ನೆತ್ತಿ ಒಂದಕ್ಕೊಂದು ತಾಗುವವರೆಗೆ, ಅಂದರೆ ಎರಡು ಮೂರು ಮಳೆಗಾಲ. ಒಣ ಕಾಲ ಶುರುವಾಗುವ ಮೊದಲು ಜಮೀನಿನ ಸುತ್ತ ಹತ್ತು ಮೀಟರ್ ಅಗಲದ ಬೆಂಕಿರೇಖೆ ಇರಲೇಬೇಕು. ಮೂರು ವರ್ಷದ ದುಡಿಮೆಯನ್ನು ಒಂದು ಮಧ್ಯಾಹ್ನದ ಬೆಂಕಿ ತಿಂದುಹಾಕುತ್ತದೆ.

ಲಂಟಾನವನ್ನು ಮೇಲೆ ಮೇಲೆ ಸವರಿದರೆ ಪ್ರಯೋಜನವಿಲ್ಲ, ಬುಡದ ಗಂಟಿನಿಂದ ದುಪ್ಪಟ್ಟು ಚಿಗುರುತ್ತದೆ. ಆ ಗಂಟಿನ ಕೆಳಗೆ, ಮಣ್ಣಿನೊಳಗೆ ಬೆರಳುದ್ದ ಆಳದಲ್ಲಿ ತಾಯಿಬೇರನ್ನು ಕಡಿಯಬೇಕು. ಕಿತ್ತ ಬುಡವನ್ನು ತಲೆಕೆಳಗಾಗಿ ಇಡಿ, ಮಣ್ಣಿಗೆ ತಾಗಿದರೆ ಮತ್ತೆ ಬೇರೂರುತ್ತದೆ. ಕಾಯಿ ಹಣ್ಣಾಗುವ ಮೊದಲೇ ಈ ಕೆಲಸ ಆಗಬೇಕು. ಎಲ್ಲವನ್ನೂ ಒಂದೇ ಸಲ ತೆಗೆದು ನೆಲವನ್ನು ಬೋಳಾಗಿ ಬಿಟ್ಟರೆ ಮಣ್ಣಿನಲ್ಲಿರುವ ಬೀಜ, ಹಕ್ಕಿಗಳು ತರುವ ಬೀಜ ಎರಡೂ ಸೇರಿ ಮುಂದಿನ ಮಳೆಗೆ ಅದೇ ಪೊದೆ ಸಿದ್ಧ. ತೆರವಾದಷ್ಟು ಜಾಗವನ್ನು ಆ ಋತುವಿನಲ್ಲೇ ಸ್ಥಳೀಯ ಹುಲ್ಲು ಅಥವಾ ಸಸಿಗಳಿಂದ ತುಂಬಲಾಗುವಷ್ಟನ್ನೇ ತೆಗೆಯುತ್ತಾ ಹೋಗಿ.

ಮರವಿಲ್ಲದ ಬಯಲಿನಲ್ಲಿ ಹಕ್ಕಿಗಳು ಕೂರಲು ಕವಲುಕಂಬ ನೆಟ್ಟರೆ ಬೀಜ ಬೀಳುವುದು ಹೆಚ್ಚುತ್ತದೆ ಎನ್ನುವುದು ನಿಜ. ಆದರೆ ದಟ್ಟ ಹುಲ್ಲಿನ ಮೇಲೆ ಬಿದ್ದ ಬೀಜ ಮಣ್ಣು ಮುಟ್ಟುವುದಿಲ್ಲ. ಕಂಬದ ಬುಡದಲ್ಲಿ ಒಂದೆರಡು ಮೀಟರ್ ಹುಲ್ಲು ತೆಗೆದಿರಬೇಕು. ದೊಡ್ಡ ಬೀಜದ ಮರಗಳಂತೂ ಕಂಬದಿಂದ ಬರವು. ಅವನ್ನು ನುಂಗಿ ಸಾಗಿಸುವ ದೊಡ್ಡ ಹಕ್ಕಿ, ದೊಡ್ಡ ಪ್ರಾಣಿ ಹತ್ತಿರದಲ್ಲಿ ಇಲ್ಲವಾದರೆ ಅವುಗಳ ಕೆಲಸ ನಿಮ್ಮದೇ.

ಪ್ರಶ್ನೆ: ತರಗತಿಯಲ್ಲಿ ಒಂದು ತಿಂಗಳೊಳಗೆ ಅನುಕ್ರಮಣವನ್ನು ತೋರಿಸುವ ಪ್ರಯೋಗ ಇದೆಯೇ? ಸಲಕರಣೆ ಎಂದರೆ ಒಂದು ಸೂಕ್ಷ್ಮದರ್ಶಕ ಮಾತ್ರ.

ಅಷ್ಟು ಸಾಕು. ಒಣಹುಲ್ಲಿನ ಕಷಾಯ ಮಾಡಿ.

10 ಗ್ರಾಂ ಒಣಹುಲ್ಲನ್ನು ಚಿಕ್ಕದಾಗಿ ಕತ್ತರಿಸಿ ಒಂದು ಲೀಟರ್ ನೀರಿನಲ್ಲಿ ಕಾಲು ಗಂಟೆ ಕುದಿಸಿ, ಸೋಸಿ, ಆರಿಸಿ. ನಲ್ಲಿ ನೀರಾದರೆ ಹಿಂದಿನ ದಿನವೇ ಬಾಯಿತೆರೆದ ಪಾತ್ರೆಯಲ್ಲಿ ಇಡಿ, ಕ್ಲೋರಿನ್ ಹೋಗಬೇಕು. ಕಳೆನಾಶಕ ಸಿಂಪಡಿಸಿದ ಹುಲ್ಲು ಬೇಡ. ಆರಿದ ಕಷಾಯವನ್ನು ಮೂರು ಅಗಲಬಾಯಿಯ ಗಾಜಿನ ಜಾಡಿಗಳಿಗೆ ಸಮನಾಗಿ ಹಂಚಿ, ಮೊದಲೆರಡಕ್ಕೆ ಕೆರೆಯ ತಳದ ಕೆಸರು ಬೆರೆತ ನೀರನ್ನು ಎರಡೆರಡು ಚಮಚ ಹಾಕಿ. ಮೂರನೆಯದಕ್ಕೆ ಏನೂ ಬೇಡ, ಗಾಳಿಯಿಂದ ಏನು ಬಂದೀತು ಎಂಬುದಕ್ಕೆ ಅದು ಸಾಕ್ಷಿ. ಬಾಯಿಗೆ ತೆಳುಬಟ್ಟೆ ಕಟ್ಟಿ. ಬಿರಡೆ ಬಿಗಿದರೆ ಆಮ್ಲಜನಕ ತೀರಿ ಪ್ರಯೋಗ ಕೆಡುತ್ತದೆ. ನೇರ ಬಿಸಿಲಿನಿಂದ ದೂರವಿಡಿ.

ಎರಡು ದಿನದಲ್ಲಿ ನೀರು ಕದಡಿ ಮೇಲೆ ಕೆನೆ ಕಟ್ಟುತ್ತದೆ, ಅದು ಬ್ಯಾಕ್ಟೀರಿಯ. ಅದನ್ನು ತಿನ್ನುವ ಏಕಕೋಶ ಜೀವಿಗಳು ಒಂದಾದ ಮೇಲೊಂದು ಬರುತ್ತವೆ: ಚಾವಟಿಯಂಥ ಎಳೆ ಬೀಸಿ ಈಜುವ ಸಣ್ಣ ಕಶಾಂಗಿಗಳು ಮೊದಲು, ಆಮೇಲೆ ಹುರುಳಿಕಾಳಿನ ಆಕಾರದ ಕಾಲ್ಪೋಡ, ನಂತರ ರೋಮಗಳನ್ನೇ ಕಾಲಿನಂತೆ ಊರಿ ನಡೆಯುವ ಹೈಪೋಟ್ರಿಕ್‌ಗಳು, ಪ್ಯಾರಮೀಸಿಯಂ, ವಾರ್ಟಿಸೆಲ್ಲ, ಅಮೀಬ. ಲೊರಾಂಡ್ ವುಡ್ರಫ್ 1912ರಲ್ಲಿ ಇಂಥದೇ ಕಷಾಯಗಳಲ್ಲಿ ಗುರುತಿಸಿದ ಸರದಿ ಹೆಚ್ಚುಕಡಿಮೆ ಇದು. ನಿಮ್ಮ ಜಾಡಿಯಲ್ಲಿ ಒಂದೆರಡು ಹೆಜ್ಜೆ ಬಿಟ್ಟುಹೋದರೆ ಗಾಬರಿ ಬೇಡ: ಕೆರೆಯ ನೀರಿನಲ್ಲಿ ಇಲ್ಲದ ಜೀವಿ ಜಾಡಿಗೆ ಬರಲಾರದು. ಬೆಳಕಿದ್ದರೆ ಮೂರು ನಾಲ್ಕು ವಾರಕ್ಕೆ ಹಸಿರು ಪಾಚಿ ಮತ್ತು ರೋಟಿಫರ್ ಎಂಬ ಸೂಕ್ಷ್ಮ ಪ್ರಾಣಿಗಳೂ ಕಂಡಾವು.

ಎರಡು ದಿನಕ್ಕೊಮ್ಮೆ ಕೆನೆಯಿಂದ, ನಡುವಿನಿಂದ, ತಳದಿಂದ ಒಂದೊಂದು ಹನಿ ತೆಗೆದು 100 ಪಟ್ಟು ಹಿಗ್ಗಿಸಿ ನೋಡಿ. ಒಂದೇ ಕಡೆಯ ಹನಿ ನೋಡಿದವರು ಅರ್ಧ ಜೀವಿಗಳನ್ನು ತಪ್ಪಿಸಿಕೊಳ್ಳುತ್ತಾರೆ. ವಾರ್ಟಿಸೆಲ್ಲ ಅಂಟಿಕೊಂಡು ಬದುಕುವಂಥದ್ದು, ನಡುನೀರಿನಲ್ಲಿ ಸಿಗದು. ಪ್ರತಿ ಸಲ ಹತ್ತು ದೃಶ್ಯವಲಯಗಳಲ್ಲಿ ಎಣಿಸಿ ಸರಾಸರಿ ಬರೆಯಿರಿ. ಪಿಎಚ್ ಕಾಗದ ಇದ್ದರೆ ಅದನ್ನೂ ಅದ್ದಿ ನೋಡಿ: ಮೊದಲು ಹುಳಿಯತ್ತ ಇಳಿದು ಆಮೇಲೆ ಏರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಹುಲ್ಲು ಹೆಚ್ಚಾಗಿದೆ. ಅರ್ಧದಷ್ಟು ಹುಲ್ಲಿನಿಂದ ಮತ್ತೆ ಶುರುಮಾಡಿ.

ಚುರುಕಾದ ಮಕ್ಕಳಿದ್ದರೆ ಇನ್ನೂ ಎರಡು ಜಾಡಿ ಇಡಿಸಿ. ಒಂದಕ್ಕೆ ಪ್ಯಾರಮೀಸಿಯಂ ಹೆಚ್ಚಿರುವ ಹನಿಗಳನ್ನು ಮೊದಲು ಹಾಕಿ ವಾರದ ಮೇಲೆ ಕೆರೆ ನೀರು ಹಾಕಿಸಿ, ಇನ್ನೊಂದಕ್ಕೆ ಇದರ ತಿರುಗುಮುರುಗು. ಎರಡು ಜಾಡಿಗಳ ಕೊನೆ ಬೇರೆಬೇರೆಯಾದರೆ ಬಂದ ಸರದಿಗೇ ಬೆಲೆ ಇದೆ ಎಂದು ಮಕ್ಕಳು ಕಣ್ಣಾರೆ ಕಾಣುತ್ತಾರೆ. ಒಂದೇ ಆದರೆ ಅದೂ ಫಲಿತಾಂಶವೇ. ಮುಗಿದ ಮೇಲೆ ಕಷಾಯವನ್ನು ಕುದಿಸಿ ಚೆಲ್ಲಿ, ಕೈ ತೊಳೆಯಿರಿ.

ಪ್ರಶ್ನೆ: ಒಂದು ಜಾಗದ ಬದಲಾವಣೆಯನ್ನು ಐದಾರು ವರ್ಷ ಅಳೆಯಬೇಕೆಂದಿದ್ದೇವೆ. ಚೌಕ ಹಾಕುವ ಸರಿಯಾದ ಕ್ರಮ ಯಾವುದು?

ಸಣ್ಣ ಗಿಡಕ್ಕೆ 1×1 ಮೀಟರ್, ಪೊದೆಗೆ 5×5, ಮರಕ್ಕೆ 10×10 ಎನ್ನುವುದು ರೂಢಿ. ನಿಮ್ಮ ಜಾಗಕ್ಕೆ ಅಷ್ಟು ಸಾಕೇ ಎಂದು ತಿಳಿಯಲು ಅರ್ಧ ಮೀಟರ್ ಬದಿಯ ಚೌಕದಿಂದ ಶುರುಮಾಡಿ ವಿಸ್ತೀರ್ಣವನ್ನು ದುಪ್ಪಟ್ಟು ಮಾಡುತ್ತ ಹೋಗಿ, ಪ್ರತಿ ಸಲ ಹೊಸದಾಗಿ ಸಿಕ್ಕ ಪ್ರಭೇದಗಳನ್ನು ಬರೆದುಕೊಳ್ಳಿ. ದುಪ್ಪಟ್ಟು ಮಾಡಿದರೂ ಪಟ್ಟಿ ನೂರಕ್ಕೆ ಹತ್ತರಷ್ಟೂ ಬೆಳೆಯದಿದ್ದರೆ ಅಲ್ಲಿಗೆ ನಿಲ್ಲಿಸಬಹುದು.

ಜಾಗ ಆರಿಸಲು ಕಲ್ಲೆಸೆಯಬೇಡಿ. ಎಸೆಯುವ ಕೈ ಮುಳ್ಳುಪೊದೆಯನ್ನು ತಪ್ಪಿಸುತ್ತದೆ. ನಕ್ಷೆಯ ಮೇಲೆ ಗೆರೆ ಎಳೆದು, ಚೀಟಿ ಎತ್ತಿ ಸಂಖ್ಯೆ ಪಡೆಯಿರಿ. ಹತ್ತು ಚೌಕಕ್ಕಿಂತ ಕಡಿಮೆ ಬೇಡ. ನಾಲ್ಕೂ ಮೂಲೆಗೆ ಕಬ್ಬಿಣದ ಸರಳು ಹೊಡೆಯಿರಿ. ಮೊಬೈಲಿನ ಜಿಪಿಎಸ್ ಹಲವು ಮೀಟರ್ ತಪ್ಪು ತೋರಿಸಬಹುದು, ಒಂದು ಮೀಟರ್ ಚೌಕವನ್ನು ಅದರಿಂದ ಮತ್ತೆ ಹುಡುಕಲಾಗದು. ಬೇರು ಚೌಕದ ಒಳಗಿದ್ದರೆ ಮಾತ್ರ ಎಣಿಕೆ. ಗೆರೆಯ ಮೇಲೇ ಇದ್ದರೆ ಎರಡು ಬದಿಯದ್ದು ಒಳಗೆ, ಎರಡು ಬದಿಯದ್ದು ಹೊರಗೆ ಎಂದು ಮೊದಲೇ ನಿಶ್ಚಯಿಸಿ. ಮರದ ಸುತ್ತಳತೆಯನ್ನು ನೆಲದಿಂದ 1.3 ಮೀಟರ್ ಎತ್ತರದಲ್ಲಿ ಅಳೆದು, ಅಲ್ಲೇ ಬಣ್ಣದ ಗೆರೆ ಹಾಕಿ. ಮುಂದಿನ ವರ್ಷ ಒಂದು ಗೇಣು ಕೆಳಗೆ ಅಳೆದರೆ ಮರ ಬೆಳೆಯದೆಯೇ ದಪ್ಪಗಾಗಿ ಕಾಣುತ್ತದೆ.

ಎರಡು ವರ್ಷಗಳ ಪಟ್ಟಿಯನ್ನು ಹೋಲಿಸಲು ಸುಲಭದ ಲೆಕ್ಕ ಸೋರೆನ್ಸೆನ್ ಸೂಚ್ಯಂಕ: ಎರಡರಲ್ಲೂ ಇರುವ ಪ್ರಭೇದಗಳ ಸಂಖ್ಯೆಯನ್ನು ಎರಡರಿಂದ ಗುಣಿಸಿ, ಎರಡೂ ಪಟ್ಟಿಗಳ ಮೊತ್ತದಿಂದ ಭಾಗಿಸಿ. ಮೊದಲ ವರ್ಷ 12, ಮೂರನೆಯ ವರ್ಷ 18, ಎರಡರಲ್ಲೂ 9 ಎಂದಾದರೆ 18ನ್ನು 30ರಿಂದ ಭಾಗಿಸಿ 0.6. ಒಂದಕ್ಕೆ ಹತ್ತಿರವಾದಷ್ಟೂ ಬದಲಾವಣೆ ಕಡಿಮೆ.

ಕೆಡುವುದು ಎಲ್ಲಿ? ಪ್ರತಿ ವರ್ಷ ಬೇರೆ ತಿಂಗಳಲ್ಲಿ ಅಳೆಯುವುದು. ಒಂದು ಮಳೆ ಹಿಂದುಮುಂದಾದರೆ ವಾರ್ಷಿಕ ಗಿಡಗಳ ಪಟ್ಟಿಯೇ ಬೇರೆ. ಅಳೆಯಲು ಹೋದವರೇ ಚೌಕವನ್ನು ತುಳಿದು ಹಾಳುಮಾಡುವುದು. ಹೆಸರು ತಿಳಿಯದ ಸಸಿಯನ್ನು ಅಂದಾಜಿನಲ್ಲಿ ಹೆಸರಿಸುವುದು. ಅದಕ್ಕೆ ‘ಗಿಡ 7’ ಎಂದು ಗುರುತು ಕೊಟ್ಟು ಫೋಟೊ ತೆಗೆದಿಡಿ, ಹೂಬಿಟ್ಟಾಗ ಗೊತ್ತಾಗುತ್ತದೆ.

ಪ್ರಶ್ನೆ: ಒಂದೇ ಒಂದು ಪ್ರಭೇದ ಹೋದರೆ ಸಮುದಾಯ ಕುಸಿಯುತ್ತದೆ ಎನ್ನುತ್ತಾರೆ. ಅತಿಶಯೋಕ್ತಿಯೇ?

ಯಾವ ಪ್ರಭೇದ ಎಂಬುದರ ಮೇಲಿದೆ. ರಾಬರ್ಟ್ ಪೇನ್ 1963ರಿಂದ ವಾಷಿಂಗ್ಟನ್ ರಾಜ್ಯದ ಕಡಲಬಂಡೆಯೊಂದರಿಂದ ನಕ್ಷತ್ರಮೀನುಗಳನ್ನು ಕಿತ್ತು ಕಿತ್ತು ಸಮುದ್ರಕ್ಕೆ ಎಸೆದರು. ಅಲ್ಲಿದ್ದ 15 ಪ್ರಭೇದಗಳು ಎಂಟಕ್ಕೆ ಇಳಿದವು. ನಕ್ಷತ್ರಮೀನು ತಿನ್ನುತ್ತಿದ್ದ ಮಸ್ಸೆಲ್ ಚಿಪ್ಪುಗಳು ಬಂಡೆಯನ್ನೆಲ್ಲ ಆಕ್ರಮಿಸಿ ಮಿಕ್ಕವರಿಗೆ ಕಾಲೂರಲು ಜಾಗ ಕೊಡಲಿಲ್ಲ. ಕಮಾನಿನ ನಡುಗಲ್ಲಿನಂಥ ಇಂಥ ಪ್ರಭೇದಕ್ಕೆ ಅವರು 1969ರಲ್ಲಿ ಕೀಸ್ಟೋನ್ ಎಂದು ಹೆಸರಿಟ್ಟರು. ಆದರೆ ಎಲ್ಲ ಪ್ರಭೇದವೂ ನಡುಗಲ್ಲಲ್ಲ. ಆ ಹೆಸರನ್ನು ಈಗ ಸಿಕ್ಕಸಿಕ್ಕ ಪ್ರಾಣಿಗೆಲ್ಲ ಅಂಟಿಸುವುದು ನಮಗೆ ಸರಿಕಾಣದು.

ರೋಗಾಣುವೂ ನಡುಗಲ್ಲಾಗಬಹುದು. 1890ರ ದಶಕದಲ್ಲಿ ಪೂರ್ವ ಆಫ್ರಿಕಕ್ಕೆ ನುಗ್ಗಿದ ರಿಂಡರ್‌ಪೆಸ್ಟ್ ಎಂಬ ದನಗಳ ರೋಗ ಸೆರೆಂಗೆಟಿ ಹುಲ್ಲುಬಯಲಿನ ವಿಲ್ಡೆಬೀಸ್ಟ್ ಎಂಬ ಕಾಡುಪ್ರಾಣಿಗಳನ್ನೂ ಸವರಿತ್ತು. ಸುತ್ತಲಿನ ದನಗಳಿಗೆ ಲಸಿಕೆ ಹಾಕಿದ ಮೇಲೆ, 1960ರ ದಶಕದ ಆರಂಭದಲ್ಲಿ ಸುಮಾರು ಎರಡೂವರೆ ಲಕ್ಷವಿದ್ದ ಅವು 1970ರ ದಶಕದ ಕೊನೆಗೆ ಹತ್ತು ಲಕ್ಷ ದಾಟಿದವು. ಅವು ಹುಲ್ಲು ಮೇಯ್ದವು, ಒಣಹುಲ್ಲು ಕಡಿಮೆಯಾಗಿ ಬೆಂಕಿ ಕಡಿಮೆಯಾಯಿತು, ಬೆಂಕಿ ಕಡಿಮೆಯಾಗಿ ಮರಗಳು ಹೆಚ್ಚಿದವು. ದನಕ್ಕೆ ಚುಚ್ಚಿದ ಲಸಿಕೆಯಿಂದ ಮರ!

ಪ್ರಶ್ನೆ: ಪ್ರಭೇದಗಳ ಸಂಖ್ಯೆ ಹಿಂದಿನಷ್ಟೇ ಆದರೆ ಜಾಗ ಚೇತರಿಸಿತು ಎನ್ನಬಹುದೇ?

ಇಲ್ಲ. ಡೇನಿಯಲ್ ಸಿಂಬರ್ಲಾಫ್ ಮತ್ತು ಎಡ್ವರ್ಡ್ ವಿಲ್ಸನ್ 1966–67ರಲ್ಲಿ ಫ್ಲಾರಿಡದ ಪುಟ್ಟ ಮ್ಯಾಂಗ್ರೋವ್ ನಡುಗಡ್ಡೆಗಳಿಗೆ ಗುಡಾರ ಹೊದಿಸಿ, ವಿಷಾನಿಲ ಬಿಟ್ಟು ಕೀಟ, ಜೇಡಗಳನ್ನೆಲ್ಲ ಕೊಂದರು. ವರ್ಷ ತುಂಬುವುದರೊಳಗೆ ಅತಿ ದೂರದ್ದೊಂದನ್ನು ಬಿಟ್ಟು ಉಳಿದವುಗಳಲ್ಲಿ ಪ್ರಭೇದಗಳ ಸಂಖ್ಯೆ ಹಳೆಯ ಮಟ್ಟಕ್ಕೆ ಬಂತು. ಆದರೆ ಪಟ್ಟಿಯಲ್ಲಿದ್ದ ಹೆಸರುಗಳು ಬಹಳಷ್ಟು ಬೇರೆ. ಸಂಖ್ಯೆಯ ಜೊತೆಗೆ ಹೆಸರುಗಳನ್ನೂ ಕೇಳಿ.

ಪ್ರಶ್ನೆ: ತಿಳಿಯಾಗಿದ್ದ ಕೆರೆ ಹಸಿರುಗಟ್ಟಿದೆ. ಕೊಳಚೆ ಬರುವುದನ್ನು ನಿಲ್ಲಿಸಿ ಎರಡು ವರ್ಷವಾದರೂ ತಿಳಿಯಾಗಿಲ್ಲ. ಏಕೆ?

ಆಳವಿಲ್ಲದ ಕೆರೆಗಳಿಗೆ ಎರಡು ನೆಲೆಗಳಿರುತ್ತವೆ. ತಳದಲ್ಲಿ ನೀರುಗಿಡಗಳಿದ್ದರೆ ಅವು ಕೆಸರನ್ನು ಹಿಡಿದಿಟ್ಟು, ಪಾಚಿ ತಿನ್ನುವ ನೀರುಚಿಗಟಗಳಿಗೆ ಆಸರೆಯಾಗಿ ನೀರನ್ನು ತಿಳಿಯಾಗಿಯೇ ಉಳಿಸುತ್ತವೆ. ಒಮ್ಮೆ ಹಸಿರುಗಟ್ಟಿದರೆ ಬೆಳಕು ತಳ ಮುಟ್ಟದೆ ಗಿಡಗಳು ಸಾಯುತ್ತವೆ, ಕೆಸರು ಕದಡುತ್ತದೆ, ಕದಡಿದ ನೀರು ಗಿಡ ಹುಟ್ಟಗೊಡುವುದಿಲ್ಲ. ಹೋದ ದಾರಿಯಲ್ಲೇ ಹಿಂದಿರುಗಲು ಆಗದು: ರಂಜಕವನ್ನು ಹಸಿರುಗಟ್ಟಿದಾಗಿನ ಮಟ್ಟಕ್ಕಿಂತ ಎಷ್ಟೋ ಕೆಳಗೆ ಇಳಿಸಬೇಕು. ಅದರ ಮೇಲೆ ತಳದ ಹೂಳು ವರ್ಷಗಟ್ಟಲೆ ರಂಜಕವನ್ನು ಬಿಡುತ್ತಲೇ ಇರುತ್ತದೆ.

ಮೊದಲು ಹೊರಗಿನಿಂದ ಇನ್ನೂ ಏನು ಸೇರುತ್ತಿದೆ ಎಂದು ನೋಡಿ, ಮಳೆನೀರಿನ ಚರಂಡಿಗಳನ್ನೂ ಸೇರಿಸಿ. ಅದು ನಿಜಕ್ಕೂ ನಿಂತಿದ್ದರೆ ನೀರುಚಿಗಟ ತಿನ್ನುವ ಮೀನು, ತಳ ಕೆದಕುವ ಕಾರ್ಪ್ ಜಾತಿಯ ಮೀನುಗಳನ್ನು ಹಿಡಿದು ತೆಗೆಯಿರಿ. ಮುಕ್ಕಾಲು ಪಾಲಾದರೂ ಒಂದೆರಡು ವರ್ಷದೊಳಗೆ ಹೋಗಬೇಕು. ಅರ್ಧಂಬರ್ಧ ಹಿಡಿದರೆ ಉಳಿದವು ಬೇಗ ಮರಿಮಾಡಿ ಮತ್ತೆ ಅದೇ ಸ್ಥಿತಿ. ನೀರು ತಿಳಿಯಾದ ಕೂಡಲೇ ತಳದ ಗಿಡಗಳನ್ನು ಬಲೆಯ ಮರೆಯಲ್ಲಿ ನೆಡಿ, ಬಾತುಕೋಳಿ, ಮೀನು ಎಳೆಗಿಡ ತಿನ್ನದಂತೆ.

ಪ್ರಶ್ನೆ: ಹುಲ್ಲುಗಾವಲು ಎಂದರೆ ಕಾಡಾಗದೆ ಅರ್ಧಕ್ಕೆ ನಿಂತ ಜಾಗವೇ? ಮರ ನೆಟ್ಟು ಪೂರ್ತಿ ಮಾಡಬಹುದೇ?

ಎರಡಕ್ಕೂ ಒಂದೇ ಉತ್ತರ ಸಾಲದು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1882ರಲ್ಲಿ ಅರ್ಧ ಎಕರೆಯಷ್ಟು ಗೋಧಿಯನ್ನು ಕೊಯ್ಯದೆ ಬಿಟ್ಟರು. ನಾಲ್ಕು ವರ್ಷಕ್ಕೆ ಉಳಿದದ್ದು ಕೆಲವೇ ಕುಳ್ಳ ಗೋಧಿಗಿಡ. ಆ ತುಂಡಿನ ಒಂದು ಭಾಗವನ್ನು ಹಾಗೆಯೇ ಬಿಟ್ಟರು, ಅದು ಕಾಡಾಯಿತು. ಇನ್ನೊಂದರಲ್ಲಿ ಮರದ ಸಸಿಗಳನ್ನು ವರ್ಷವರ್ಷ ಕಿತ್ತರು, ಅಲ್ಲಿ ಮೆದುಕಾಂಡದ ಸಣ್ಣ ಗಿಡಗಳು ಉಳಿದವು. ಮತ್ತೊಂದನ್ನು ಮೇಯಿಸಿದರು, ಅದು ಹುಲ್ಲಾಯಿತು. ಅಲ್ಲಿ ಹುಲ್ಲು ನಿಂತಿರುವುದು ದನಕುರಿ ಮೇಯುವುದರಿಂದ.

ಆದರೆ ಸಾವಿರಾರು ವರ್ಷಗಳಿಂದ ಬೆಂಕಿ, ಮೇಯುವ ಪ್ರಾಣಿಗಳು, ಒಣಹವೆ, ತೆಳುಮಣ್ಣಿನ ಜೊತೆ ಬಾಳಿದ ಹುಲ್ಲುಗಾವಲುಗಳು ಬೇರೆಯೇ. ಗುರುತಿಸಲು ಒಂದು ಉಪಾಯ: ಮಣ್ಣು ಅಗೆದು ನೋಡಿ. ದಪ್ಪ ಬೇರುಗಡ್ಡೆಯ, ನೆಲದಡಿಯಿಂದಲೇ ಚಿಗುರುವ ಬಹುವಾರ್ಷಿಕ ಗಿಡಗಳು ಹೇರಳವಾಗಿದ್ದರೆ ಅದು ಹಳೆಯ ಹುಲ್ಲುಗಾವಲು. ಅವು ನಿಧಾನವಾಗಿ ಬೆಳೆಯುತ್ತವೆ, ಒಮ್ಮೆ ಉತ್ತರೆ ಬೇಗ ಮರಳುವುದಿಲ್ಲ. ಬರೀ ವಾರ್ಷಿಕ ಕಳೆ, ಒಂದೆರಡು ಬಗೆಯ ಹುಲ್ಲು ಇದ್ದರೆ ಇತ್ತೀಚೆಗೆ ಬಿಟ್ಟ ಜಮೀನು. ಎರಡನೆಯದರಲ್ಲಿ ಮರ ನೆಡಬಹುದು. ಮೊದಲನೆಯದರಲ್ಲಿ ಗುಂಡಿ ತೋಡಬೇಡಿ. ಅಲ್ಲಿನ ಹುಲ್ಲು, ಗೆಡ್ಡೆ, ನೆಲದ ಮೇಲೆ ಗೂಡುಕಟ್ಟುವ ಹಕ್ಕಿಗಳಿಗೆ ನಿಮ್ಮ ಸಸಿಯ ನೆರಳೇ ಕುತ್ತು.